ತೊಗಲಿನ ಪಟ್ಟಿ

ಮಾಲೇಕಲ್ಲು ಬೆಟ್ಟದ ಬುಡದಲ್ಲಿ, ಬಂಡೆಯ ಹಿಂದೆ, ನನ್ನ ತಮ್ಮ ಗಂಗಾಧರಪ್ಪ ಸತ್ತು ಬಿದ್ದಿದ್ದ. ಮಚ್ಚಿನೇಟಿಗೆ ತಲೆ ಸೀಳಿತ್ತು. ಹರಿದ ರಕ್ತ ಎಡಗೈಯನ್ನು ತೋಯಿಸಿ ಒಣಗಿತ್ತು. ಮೊದಲು ಕಂಡವನು ನಮ್ಮ ತಂಗಿಯ ಮಗ ಶರತ್. ಬೆಳಿಗ್ಗೆ ಕಾರಿನಲ್ಲಿ ಬಿಟ್ಟುಹೋದ ಮಾವನನ್ನು ಕರೆತರಲು ಮಧ್ಯಾಹ್ನ ಬಂದಿದ್ದ.

ಪಕ್ಕದಲ್ಲಿ ಕಾಯಿ ಅಂಗಡಿಯ ಕೆಂಚಯ್ಯನ ಮಚ್ಚು. ಪೊಲೀಸರ ಏಟಿಗೆ ಆಗಲೇ ಅವನ ತುಟಿ ಒಡೆದಿತ್ತು.

“ಅಂಗಡಿ ತೆಗೆಯೋಕೆ ಮುಂಚೇನೇ ಮಚ್ಚು ಕಾಣೆ ಕಣವ್ವ. ಅಯ್ಯನೋರು ಇವತ್ತು ನನ್ ತಾವ ಬರಲೇ ಇಲ್ಲ.”

ಇನ್ಸ್‌ಪೆಕ್ಟರ್ ಮಂಜುಳಾ ತಮ್ಮನ ಫೋನು ನೋಡುತ್ತಿದ್ದರು.

“ಇವರ ಎಡಗೈಯ ಪಟ್ಟಿಯಲ್ಲಿ ಬೇಳೆಕಾಳಿನಷ್ಟು ಚಿಪ್ ಇದೆ. ನಾಡಿಯನ್ನು ನೆನಪಿಟ್ಟು, ತನ್ನ ಫೋನು ಹತ್ತಿರ ಬಂದಾಗ ಒಪ್ಪಿಸುತ್ತದೆ. ಬೆಳಗಿನಿಂದ ಬಿಡುವಿಲ್ಲದೆ ಬಡಿದು ಹನ್ನೊಂದಕ್ಕೆ ನಿಂತಿದೆ. ಆಗ ಶರತ್ ಎಲ್ಲಿದ್ದರು?”

“ಅರಸೀಕೆರೆ ಹೋಟೆಲಿನಲ್ಲಿ,” ಎಂದೆ. “ನನ್ನ ಎದುರೇ ಇಡ್ಲಿ ತಿನ್ನುತ್ತಿದ್ದ.”

“ಇನ್ನೇನ್ ಮೇಡಂ?” ಎಂದ ಶರತ್. “ಇಲ್ಲಿದ್ದೋನು ಕೆಂಚಯ್ಯ ಒಬ್ಬನೇ. ಒಳಗೆ ಹಾಕಿ.”

ಮಂಜುಳಾ ಹೆಣದ ಕೈ ಮುಟ್ಟಿದರು.

“ಪಟ್ಟಿ ತೊಗಲಿನದು. ಇದನ್ನು ಕಟ್ಟಿಕೊಂಡೇ ಬೆಟ್ಟ ಹತ್ತುತ್ತಿದ್ದರೇ?”

“ಇಲ್ಲಮ್ಮ. ತೊಗಲು ಮೈಮೇಲಿದ್ದರೆ ಸ್ವಾಮಿಯ ಮೆಟ್ಟಿಲು ತುಳಿಯುತ್ತಿರಲಿಲ್ಲ. ಚಪ್ಪಲಿ, ಪಟ್ಟಿ, ಎರಡೂ ಕೆಂಚಯ್ಯನಲ್ಲಿ ಬಿಡುತ್ತಿದ್ದ.”

“ಶರತ್‌ಗೆ ಗೊತ್ತಿತ್ತೇ?”

“ಗೊತ್ತಿರಲಾರದು. ಇವತ್ತಿನವರೆಗೆ ಅವನು ಇಲ್ಲಿ ಕಾರಿನಿಂದ ಇಳಿದವನೇ ಅಲ್ಲ.”

ಮಂಜುಳಾ ಎದ್ದು ನಿಂತರು.

“ಇವತ್ತು ಇವರು ಬೆಟ್ಟ ಹತ್ತಿದ್ದರೆ, ಪಟ್ಟಿ ಬಿಚ್ಚಿದಷ್ಟು ಹೊತ್ತು ನಾಡಿ ಖಾಲಿ ಇರಬೇಕಿತ್ತು. ಖಾಲಿ ಇಲ್ಲ; ಹತ್ತುವ ಮೊದಲೇ ಸತ್ತಿದ್ದಾರೆ. ಇಲ್ಲಿ ನೋಡಿ— ರಕ್ತ ಪಟ್ಟಿಯ ಕೆಳಗೆ ಒಣಗಿದೆ, ಪಟ್ಟಿಯ ಮೇಲೆ ಹನಿಯೂ ಇಲ್ಲ. ಸತ್ತು ಎಷ್ಟೋ ಹೊತ್ತಿನ ಮೇಲೆ ಕಟ್ಟಿದ್ದಾರೆ. ಹಾಗಾದರೆ ಬಡಿದ ನಾಡಿ ಯಾರದು? ಚಿಪ್‌ಗೆ ಕೈ ಯಾರದೆಂದೂ ತಿಳಿಯದು, ಊರು ಯಾವುದೆಂದೂ ತಿಳಿಯದು. ಹೋಟೆಲಿನಲ್ಲಿ ಈತ ಎದ್ದುಹೋಗಿದ್ದನೇ?”

“ಕೈ ತೊಳೆಯಲು,” ಎಂದೆ. ಅಂದು ಅವನು ತುಂಬುತೋಳಿನ ಅಂಗಿ ತೊಟ್ಟಿದ್ದ.

“ಪಟ್ಟಿಯನ್ನು ತಾನೇ ಕಟ್ಟಿಕೊಂಡು ಹೋಗಿ, ಹನ್ನೊಂದಕ್ಕೆ ಅಲ್ಲಿ ಬಿಚ್ಚಿದ. ಹೆಣ ಮೊದಲು ಕಂಡವನಂತೆ ಬಂದು, ಅದರ ಕೈಗೆ ಮತ್ತೆ ಕಟ್ಟಿದ. ಬೆಳಿಗ್ಗೆ ಕೊಂದವನು ಶರತ್.”

ಶರತ್ ಓಡಿದ. ಪೇದೆಗಳು ಕೆಡವಿದರು, ಹಲ್ಲು ಕಲ್ಲಿಗೆ ಬಡಿದು ಮುರಿಯಿತು.

“ಮಾವ ತೋಟಾನ ಬೆಟ್ಟದ ಅನ್ನದಾನಕ್ಕೆ ಬರೀತೀನಿ ಅಂದ,” ಎಂದು ರಕ್ತ ಉಗಿದ. “ನಾನೇನ್ ಪ್ರಸಾದ ತಿಂದ್ಕೊಂಡು ಇರ್ಲಾ?”

ಕೆಂಚಯ್ಯನ ಕೈಕೋಳ ತೆಗೆದರು. ಅವನು ತಮ್ಮನ ಕಾಲ ಬಳಿ ಕುಳಿತು, ಒಡೆದ ತುಟಿಯಲ್ಲೇ ಗೋವಿಂದ ಎಂದು, ಎಂದಿನಂತೆ ಆ ಕಾಲುಗಳ ಚಪ್ಪಲಿ ಕಳಚಿದ.

“ಪಟ್ಟಿಯನ್ನೂ ಬಿಚ್ಚಿಸಮ್ಮ,” ಎಂದು ನಾನು ಕೈಮುಗಿದೆ. “ಅವನು ಸ್ವಾಮಿಯ ಹತ್ತಿರ ಹೊರಟವನು.”