ಹಾಕದೇ ಬಿಟ್ಟ ಬಣ್ಣ

“ಡಾಕ್ಟರೇ, ಇನ್ನೊಂದೇ ಒಂದು ಬಣ್ಣ ಹಾಕಿ ನೋಡ್ತೀನಿ, ಗುರುವಾರ ಬನ್ನಿ,” ಎಂದಿತು ಫೋನು, ಫೆಬಿನಾಳದೇ ದನಿಯಲ್ಲಿ, ಅವಳದೇ ಮೂಗುರಾಗದಲ್ಲಿ.

ಕಲ್ಲಿಕೋಟೆಯ ಆ ಆಸ್ಪತ್ರೆಯಲ್ಲಿ ಅವಳನ್ನು ಅವಳಿಗಿಂತ ಚೆನ್ನಾಗಿ ಆಡಿ ತೋರಿಸುತ್ತಿದ್ದವನು ಚರ್ಮದ ಡಾಕ್ಟರು ಅಷ್ಕರ್ ಒಬ್ಬನೇ. ಅವನು ಕೆಳಗೆ ರೋಗಿಗಳ ಚರ್ಮದ ಚೂರು ತೆಗೆದು ಕಳಿಸುತ್ತಿದ್ದ. ಇವಳು ಮೇಲಿನ ಲ್ಯಾಬಿನಲ್ಲಿ ಅದನ್ನು ಗಾಜಿನ ಸ್ಲೈಡಿಗೇರಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಬೇನೆಯ ಹೆಸರು ಹೇಳುತ್ತಿದ್ದಳು. ಮಾಮೂಲಿ ಗುಲಾಬಿ-ನೇರಳೆ ಬಣ್ಣ ಅವಳಿಗೆ ಎಂದೂ ಸಾಲುತ್ತಿರಲಿಲ್ಲ. ನರ ತೋರಿಸಲು ಒಂದು, ಕುಷ್ಠದ ಕ್ರಿಮಿ ಹಿಡಿಯಲು ಇನ್ನೊಂದು. ಎಷ್ಟೋ ಸಂಶಯಗಳು ಅಲ್ಲೇ ತೀರುತ್ತಿದ್ದವು.

“ಸೀರೆ ಅಂಗಡೀಲೂ ಹೀಗೇನಾ ನೀನು?” ಎಂದು ಅವನು ಕೆಣಕಿದ.

“ಇಕ್ಕಾ, ಫೋನಿಡಿ. ಕೆಲಸ ಇದೆ,” ಎಂದಳು, ತಾನು ಅವನನ್ನು ಪ್ರೀತಿಯಿಂದ ಕರೆಯುವ ಹೆಸರಲ್ಲೇ.

ಇಟ್ಟಮೇಲೂ ಅವಳ ತುಟಿಯ ನಗು ಇಳಿಯಲು ಒಂದಿಷ್ಟು ಹೊತ್ತು ಬೇಕಾಗುತ್ತಿತ್ತು.

ಇಬ್ಬರ ನಿಕಾಹ್ ಮಾತಿಗೆ ಅವನ ತಂದೆ, ಅಂದರೆ ಉಪ್ಪ, ಅವಳ ಮನೆಗೆ ಬರಲಿದ್ದ ವಾರವೇ ಚರ್ಮದ ಚೂರಿನ ಒಂದು ಬಾಟಲಿ ಬಂತು. ಚೀಟಿಯಲ್ಲಿ ರೋಗಿಯ ಜಾಗದಲ್ಲಿ ಅವನದೇ ಹೆಸರು. ‘ಮೊಣಕೈ ಬಳಿ ಬಿಳಚಿದ ಮಚ್ಚೆ. ಸಂಶಯ: ಮದುವಣಗಿತ್ತಿಯ ಅಲಕ್ಷ್ಯ.’

ಅವಳು ನಕ್ಕಳು. ಸ್ಲೈಡಿನಲ್ಲಿ, ಸಣ್ಣ ನರವೊಂದರ ಸುತ್ತ, ಉರಿಯೂತದ ಕಣಗಳು ಗುಂಪುಗಟ್ಟಿದ್ದವು. ಬೇರೆ ಯಾರದಾದರೂ ಆಗಿದ್ದರೆ ಆ ಎರಡೂ ಬಣ್ಣ ಅಂದೇ ಹಾಕಿಸುತ್ತಿದ್ದಳು. ಅಂದು ಮಾತ್ರ ಹುಡುಕಲು ಮನಸ್ಸಾಗಲಿಲ್ಲ. ‘ಸಾಮಾನ್ಯ ಉರಿಯೂತ’ ಎಂದು ಬರೆದು ಸಹಿ ಹಾಕಿದಳು.

ಮದುವೆಗೆ ದಿನ ಗೊತ್ತಾದ ಮೇಲೆ, ಕ್ಯಾಂಟೀನಿನಲ್ಲಿ, ಅವನ ಕೈಯಿಂದ ಸುಲೈಮಾನಿ ಲೋಟ ಜಾರಿತು. ಕುದಿವ ಚಹಾ ಬೆರಳ ಮೇಲೆ ಹರಿದರೂ ಅವನು ಯಾರನ್ನೋ ಅಣಕಿಸುತ್ತಲೇ ಇದ್ದ. ಅವಳು ಆ ಬೆರಳು ಒರೆಸಿ ನೇರ ಲ್ಯಾಬಿಗೆ ಹೋದಳು.

ಅದೇ ಹಳೆಯ ಚೂರನ್ನು ಮತ್ತೆ ತೆಳುವಾಗಿ ಕತ್ತರಿಸಿ, ಎರಡೂ ಬಣ್ಣಗಳನ್ನು ತಾನೇ ನಿಂತು ಹಾಕಿದಳು. ನರ ಚಿಂದಿಯಾಗಿತ್ತು. ಅದರೊಳಗೆ ಕೆಂಪು ಕಡ್ಡಿಗಳಂಥ ಕ್ರಿಮಿಗಳು. ಅಂದೂ ಅಲ್ಲೇ ಇದ್ದವು.

“ಕುಷ್ಠ,” ಎಂದಳು, ಅವನ ಕೋಣೆಯ ಬಾಗಿಲು ಮುಚ್ಚಿ. “ಔಷಧಿಗೆ ವಾಸಿಯಾಗುತ್ತೆ, ಇಕ್ಕಾ.”

“ಅದು ನಾನು ದಿನಾ ಹೇಳೋ ಡೈಲಾಗು. ಬೆರಳು ಸರಿಹೋಗುತ್ತಾ?”

“ಗೊತ್ತಿಲ್ಲ. ಅವತ್ತೇ ನೋಡಬಹುದಿತ್ತು. ಏನಾದ್ರೂ ಸಿಕ್ಕಿಬಿಟ್ರೆ ನಿಮ್ಮ ಉಪ್ಪ ಬರಲ್ಲ ಅಂತ ನೋಡಲಿಲ್ಲ.”

ಅವನು ಅಪರೂಪಕ್ಕೆ ತನ್ನದೇ ದನಿಯಲ್ಲಿ ಮಾತಾಡಿದ. “ಮಚ್ಚೆ ಮರಗಟ್ಟಿತ್ತು, ಫೆಬೀ. ಚೀಟೀಲಿ ನಾನೂ ಬರೀಲಿಲ್ಲ. ನನಗೂ ಅದೇ ಹೆದರಿಕೆ.”

ಕಿಟಕಿಯಾಚೆ ಆಂಬುಲೆನ್ಸೊಂದು ಬಂದು ನಿಂತಿತು. ಇಬ್ಬರೂ ಅದನ್ನೇ ನೋಡಿದರು.

“ಇನ್ನು ನನ್ನ ಸ್ಲೈಡು ನೀನು ನೋಡೋದು ಬೇಡ.”

“ಸರಿ,” ಎಂದು ಅವಳು ತಲೆ ತಗ್ಗಿಸಿದಳು.

“ಬೇರೆ ಯಾರಾದ್ರೂ ನೋಡಲಿ. ಹೆಂಡತಿಗೆ ಗಂಡನ ಚರ್ಮ ಯಾವಾಗಲೂ ಚೆನ್ನಾಗೇ ಕಾಣುತ್ತೆ.”

ಅಳುತ್ತಲೇ ಅವಳು ಅವನ ಕೈ ಹಿಡಿದು ಒತ್ತಿದಳು. ಮೂರು ಬೆರಳು ಮರಳಿ ಒತ್ತಿದವು. ಕಿರುಬೆರಳಿಗೂ ಉಂಗುರದ ಬೆರಳಿಗೂ ಅವಳು ಬಂದದ್ದೇ ತಿಳಿಯಲಿಲ್ಲ.