ಕ್ಲಚ್ ಮೇಷ್ಟ್ರ ಧ್ವನಿ ಕಳುವಾದ ಪ್ರಕರಣ

ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಠಾಣೆಯೊಳಗೆ ಬಂದ ದಂಪತಿಯನ್ನು ಕಂಡ ಕೂಡಲೇ ಇನ್ಸ್‌ಪೆಕ್ಟರ್ ಕುರ್ಚಿಯಿಂದ ಎದ್ದು ನಿಂತಳು. ಏನೋ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಅಚ್ಚರಿಯಿಂದ ತಲೆಯೆತ್ತಿದ. ಮೇಲಧಿಕಾರಿಗಳು ಬಂದರೂ ಅಷ್ಟು ಚುರುಕಾಗಿ ಏಳುವವಳಲ್ಲ ಆಕೆ.

ಬಂದವರು ಕ್ಲಚ್ ಮೇಷ್ಟ್ರು. ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ ಅವರನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಅರ್ಧ ಊರೇ ಬೆವರು ಸುರಿಸಿತ್ತು. "ಕ್ಲಚ್, ಕ್ಲಚ್, ಕ್ಲಚ್!" ಎಂಬ ಅವರ ಕೂಗು, ಕಾರಿನ ಗಾಜು ಏರಿಸಿದ್ದರೂ ಬೀದಿಗೆಲ್ಲ ಕೇಳುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಇನ್ಸ್‌ಪೆಕ್ಟರ್ ಕೂಡ ಅವರ ಬಳಿಯೇ ಕಲಿತವಳು. "ಅಮ್ಮಾ, ಅದು ಸ್ಟೇರಿಂಗು, ಕಳ್ಳನ ಕತ್ತಲ್ಲ. ಸ್ವಲ್ಪ ಉಸಿರಾಡೋಕೆ ಬಿಡಿ ಅದಕ್ಕೆ" ಎಂದು ಅವರು ಬೈದದ್ದನ್ನು ನೆನೆದು ಆಕೆ ಈಗಲೂ ಒಬ್ಬಳೇ ನಗುವುದುಂಟು.

ಈಗ ಅವರ ಕುತ್ತಿಗೆಗೆ ಮೆತ್ತನೆಯ ಬಟ್ಟೆ ಸುತ್ತಿತ್ತು. ಕೈಯಲ್ಲೊಂದು ಪುಟ್ಟ ಬಿಳಿ ಹಲಗೆ, ಅದಕ್ಕೆ ದಾರದಿಂದ ಕಟ್ಟಿದ ಪೆನ್ನು. ಗಂಟಲಿನ ಗಡ್ಡೆಗೆ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದಾರೆ ಎಂಬ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಹೋಗಿ ಮಾತಾಡಿಸಬೇಕು ಎಂದುಕೊಳ್ಳುತ್ತಲೇ ತಿಂಗಳುಗಳು ಉರುಳಿದ್ದವು.

ಮಾತಾಡಿದ್ದು ಅವರ ಹೆಂಡತಿ.

"ನಮ್ಮನೇಲಿ ಕಳ್ಳತನ ಆಗಿದೆ ಮೇಡಂ. ಬೆಳಗ್ಗೆ ಇವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ. ಬಂದು ನೋಡಿದ್ರೆ ಹಿಂಬಾಗಿಲು ಮೀಟಿದ್ದಾರೆ."

"ಏನೇನು ಹೋಗಿದೆ?"

"ಬ್ಯಾಕಪ್ ಡಬ್ಬಿ. ಕಂಪ್ಯೂಟರ್‌ದು."

"ಮತ್ತೆ?"

"ಮತ್ತೇನೂ ಇಲ್ಲ. ಇವರ ಧ್ವನಿ ಅದರಲ್ಲಿತ್ತು."

ಹೆಡ್ ಕಾನ್‌ಸ್ಟೇಬಲ್‌ನ ಪೆನ್ನು ನಿಂತಿತು. ಮೇಷ್ಟ್ರ ಹೆಂಡತಿ ನೀರು ಕುಡಿದು ಬಿಡಿಸಿ ಹೇಳಿದರು. ಆಪರೇಷನ್‌ಗೆ ಮುಂಚೆ ಆಸ್ಪತ್ರೆಯ ಮಾತಿನ ಡಾಕ್ಟರ್, ನಿಮ್ಮ ಧ್ವನಿಯಲ್ಲಿ ಸಾವಿರ ಸಾವಿರ ವಾಕ್ಯ ರೆಕಾರ್ಡ್ ಮಾಡಿಟ್ಟುಕೊಳ್ಳಿ ಎಂದಿದ್ದರು. ಆಮೇಲೆ ಒಂದು ಯಂತ್ರ ಕೊಡುತ್ತಾರೆ, ಟೈಪ್ ಮಾಡಿದರೆ ಅದು ಅವರದೇ ಧ್ವನಿಯಲ್ಲಿ ಮಾತಾಡುತ್ತದೆ. ಮೇಷ್ಟ್ರು ಒಂದು ತಿಂಗಳು ನೋವು ನುಂಗಿಕೊಂಡು ಮನೆಯ ಕಂಪ್ಯೂಟರ್ ಮುಂದೆ ಕೂತು ಓದಿದ್ದರು. ಹೋದ ವಾರ ಆ ಕಂಪ್ಯೂಟರ್ ಕೆಟ್ಟಿತು. ಒಳಗಿನ ಡಿಸ್ಕ್ ಪೂರ್ತಿ ಹಾಳಾಗಿದೆ, ಏನೂ ವಾಪಸ್ ಬರುವುದಿಲ್ಲ ಎಂದು ರಿಪೇರಿಯವನು ಕೈಚೆಲ್ಲಿದ್ದ.

"ಆದ್ರೂ ನಾವು ಹೆದರಲಿಲ್ಲ. ಡಬ್ಬಿ ಇತ್ತಲ್ಲ. ವೈಫೈಯಲ್ಲಿ ಅದು ತಾನಾಗೇ ಎಲ್ಲ ಕಾಪಿ ಮಾಡ್ಕೊಳ್ಳುತ್ತೆ, ವೈರ್ ಚುಚ್ಚೋ ತಲೆನೋವಿಲ್ಲ ಅಂತ ನನ್ನ ತಮ್ಮ ತಾನು ಕೆಲಸ ಮಾಡೋ ಅಂಗಡಿಯಿಂದ ತಂದುಕೊಟ್ಟಿದ್ದ. ನಾಳೆ ಅದನ್ನ ಡಾಕ್ಟರ್‌ಗೆ ಕೊಡಬೇಕಿತ್ತು."

ಮೇಷ್ಟ್ರು ಹಲಗೆಯ ಮೇಲೆ ಬರೆದು ತಿರುಗಿಸಿ ತೋರಿಸಿದರು: 'ಕಂಪ್ಲೇಂಟ್ ಬರ್ಕೊಳ್ಳಿ. ನಗಬೇಡಿ.'

ಯಾರೂ ನಗಲಿಲ್ಲ. ಗಂಟೆ ಮೂರಾಗುವಷ್ಟರಲ್ಲಿ ಎಫ್ಐಆರ್ ದಾಖಲಾಯಿತು.

ಅಕ್ಕಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ಕರೆದು, ಸಂಜೆ ಮನೆಯಲ್ಲಿ ಪಂಚನಾಮೆ ನಡೆಯಿತು. ಹಿಂಬಾಗಿಲ ಚಿಲಕದ ಬಳಿ ಸ್ಕ್ರೂಡ್ರೈವರ್‌ನ ಗುರುತು, ಕೆಳಗೆ ಉದುರಿದ ಮರದ ಸಿಬಿರು. ಹಾಲ್‌ನಲ್ಲಿ ಬಟ್ಟೆ ಹೊದಿಸಿದ ಕಂಪ್ಯೂಟರ್, ಪಕ್ಕದಲ್ಲೇ ಮೇಷ್ಟ್ರು ಒರಗಿ ಮಲಗುವ ಮಂಚ. ಒಳಕೋಣೆಯ ಬೀರುವಿನ ಕೀಲಿ ಬೀರುವಿನಲ್ಲೇ ನೇತಾಡುತ್ತಿತ್ತು. ಒಳಗಿದ್ದ ಒಡವೆ ಇದ್ದಲ್ಲೇ ಇತ್ತು.

"ಡಬ್ಬಿ ಎಲ್ಲಿತ್ತು?"

ಆಕೆ ಮೆಟ್ಟಿಲ ಕೆಳಗಿನ ಗೂಡನ್ನು ತೋರಿಸಿದರು. ಮುಂದೆ ಹಳೆಯ ಟೈರು, ಅದರ ಹಿಂದೆ ಪೇಂಟ್ ಡಬ್ಬಿಗಳು, ಅವುಗಳ ಹಿಂದೆ ಒಂದು ಪ್ಲಗ್ ಪಾಯಿಂಟ್. ನೆಲದ ಧೂಳಿನಲ್ಲಿ ಅಂಗೈಯಗಲದ ಚೌಕವೊಂದು ಮಾತ್ರ ಚೊಕ್ಕಟವಾಗಿತ್ತು.

"ಇಲ್ಲಿ ಯಾಕೆ ಇಟ್ರಿ?"

"ಮೊದಲು ಹಾಲ್‌ನಲ್ಲೇ ಇತ್ತು. ಅದರ ಹಸಿರು ದೀಪ ಕಣ್ಣಿಗೆ ಹೊಡೆದು ಇವರಿಗೆ ನಿದ್ದೆ ಬರ್ತಿರಲಿಲ್ಲ. ತಮ್ಮ ಎತ್ತಿ ಇಲ್ಲಿಟ್ಟ. ವೈರಿಲ್ಲದ ವಸ್ತು, ಎಲ್ಲಿಟ್ಟರೂ ಒಂದೇ ಅಂದ."

ಹೆಡ್ ಕಾನ್‌ಸ್ಟೇಬಲ್ ಮೊಣಕಾಲೂರಿ ಒಳಗೆ ಇಣುಕಿ, ತಲೆ ತಗುಲಿಸಿಕೊಂಡು ಹೊರಬಂದ.

"ಮೇಡಂ, ಕಂಪ್ಯೂಟರ್‌ನಿಂದ ವೈರ್ ಬಂದಿದ್ರೆ ಅದರ ಬಾಲ ಹಿಡ್ಕೊಂಡು ಬಂದ ಅನ್ನಬಹುದಿತ್ತು. ಪೇಂಟ್ ಡಬ್ಬಿ ಹಿಂದೆ ಕೂತಿದ್ದನ್ನ ಕಳ್ಳನಿಗೆ ತೋರಿಸಿದ್ಯಾರು? ಟೈರನ್ನ ಮತ್ತೆ ಇದ್ದ ಜಾಗಕ್ಕೇ ಇಟ್ಟು ಹೋಗಿದಾನೆ ನೋಡಿ, ಎಂಥ ಸಂಭಾವಿತ!"

ಇನ್ಸ್‌ಪೆಕ್ಟರ್‌ಗೂ ಅದೇ ಅನಿಸಿತ್ತು. ಮನೆಯ ಒಳಹೊರಗು ಬಲ್ಲವರ ಕೈವಾಡ ಇದು. ಬಲ್ಲವರೆಂದರೆ ಮೂರೇ ಜನ, ಅವರಲ್ಲಿ ಇಬ್ಬರು ಆಸ್ಪತ್ರೆಯಲ್ಲಿದ್ದರು. ಆದರೆ ಆ ಮೂರನೆಯವನು ಈಗ ಅಕ್ಕನ ಪಕ್ಕದಲ್ಲೇ ಕೂತು ಆಕೆಯ ಬೆನ್ನು ಸವರುತ್ತಿದ್ದ. ಮೂವತ್ತರ ಆಸುಪಾಸಿನವನು, ಮೇಲಿನ ಕೋಣೆಯಲ್ಲಿ ವಾಸ.

"ಅಳಬೇಡಕ್ಕ. ಸಿಗುತ್ತೆ. ಪೊಲೀಸ್ನೋರು ಬಂದಿದಾರಲ್ಲ."

"ಬೆಳಗ್ಗೆ ಎಲ್ಲಿದ್ರಿ?" ಇನ್ಸ್‌ಪೆಕ್ಟರ್ ಕೇಳಿದಳು.

"ಅಂಗಡೀಲಿ."

"ಪೂರ್ತಿ ಹೊತ್ತು?"

"ಮಧ್ಯೆ ಒಂದು ಡೆಲಿವರಿಗೆ ಹೋಗಿದ್ದೆ."

"ನಿಮಗೆ ಯಾರ ಮೇಲಾದ್ರೂ ಅನುಮಾನ?"

"ಯಾರ ಮೇಲೆ ಅಂತ ಹೇಳಲಿ ಮೇಡಂ. ಭಾವನಿಗೆ ಶತ್ರುಗಳೇ ಇಲ್ಲ."

ಹಿಂದಿರುಗುವಾಗ ಜೀಪನ್ನು ಅವಳೇ ಓಡಿಸಿದಳು. ಕದ್ದವನಿಗೆ ಒಡವೆ ಬೇಡವಾಗಿತ್ತು. ಮೇಷ್ಟ್ರ ಧ್ವನಿಯನ್ನು ಯಾರು ಕೊಳ್ಳುತ್ತಾರೆ? ಹಣ ಕೇಳಿ ಫೋನ್ ಬರಬಹುದೆಂದು ಬುಧವಾರವಿಡೀ ಕಾದದ್ದಾಯಿತು. ಬರಲಿಲ್ಲ. ಇಬ್ಬರು ಕಾನ್‌ಸ್ಟೇಬಲ್‌ಗಳು ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಬರಿಗೈಯಲ್ಲಿ ಬಂದರು.

ಕಂಪ್ಯೂಟರ್ ನೋಡಲು ಆ ಮನೆಗೆ ಹೋಗಿದ್ದ ರಿಪೇರಿಯವನನ್ನು ಗುರುವಾರ ಕರೆಸಿದರು. ಪೊಲೀಸರೆಂದರೆ ನಡುಗುವ ಜೀವ. ಕೂರಲು ಹೇಳಿದರೂ ಕುರ್ಚಿಯ ಅಂಚಿನಲ್ಲೇ ಕೂತ.

"ಆ ಡಬ್ಬೀಲಿ ಏನಿದೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಮೇಡಂ. ಅಮ್ಮನೇ ಹೇಳಿದ್ರು. ಆದ್ರೆ ನಾನು ಅದನ್ನ ಕಣ್ಣಲ್ಲೇ ನೋಡಿಲ್ಲ."

"ಹೊಸ ಡಿಸ್ಕ್ ಹಾಕಿ ಎಲ್ಲ ವಾಪಸ್ ತುಂಬಿಕೊಡ್ತೀನಿ ಅಂದಿದ್ಯಂತೆ. ಡಬ್ಬಿ ಇಲ್ಲದೆ ಹೇಗೆ ತುಂಬ್ತಿದ್ದೆ?"

"ಅದನ್ನೇ ನಾನೂ ಕೇಳಿದ್ದು. ಆ ತಮ್ಮ ಅನ್ನೋರು, ನಾನೇ ಅಂಗಡಿಗೆ ತಂದುಕೊಡ್ತೀನಿ ಅಂದ್ರು. ದಿನಾ ಫೋನ್ ಮಾಡಿದೆ. ಇವತ್ತು ಆಗಲ್ಲ, ನಾಳೆ ಅಂತಾನೇ ಇದ್ರು. ಆಮೇಲೆ ಕಳುವಾಯ್ತು ಅಂದ್ರು."

ಇನ್ಸ್‌ಪೆಕ್ಟರ್ ಟೋಪಿ ಎತ್ತಿಕೊಂಡಳು. ಅದೇ ಮಧ್ಯಾಹ್ನ ಅವಳೂ ಹೆಡ್ ಕಾನ್‌ಸ್ಟೇಬಲ್ಲೂ ಮೇಷ್ಟ್ರ ಭಾವಮೈದುನ ಕೆಲಸ ಮಾಡುವ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದರು. ಅಕ್ಕನ ಜೊತೆ ಇರಬೇಕೆಂದು ಅವನು ರಜೆ ಹಾಕಿದ್ದ. ಅಂಗಡಿಯ ಯಜಮಾನ ಫ್ಯಾನ್ ತಿರುಗಿಸಿ, ಕುರ್ಚಿ ಒರೆಸಿ ಕೂರಿಸಿದ.

"ಆ ವೈರ್‌ಲೆಸ್ ಡಬ್ಬೀನಾ? ಅದರ ಹೆಸರೆತ್ತಬೇಡಿ ಮೇಡಂ. ಬಿಸಿ ಬಿಸಿ ಮಾರಿದ್ವಿ, ಈಗ ಒಂದೊಂದೇ ವಾಪಸ್ ಬರ್ತಿವೆ. ಗೋಡೆ ಅಡ್ಡ ಬಂದ್ರೆ ಸಿಗ್ನಲ್ ಹೋಗುತ್ತೆ, ಕಾಪಿ ಅರ್ಧಕ್ಕೇ ನಿಲ್ಲುತ್ತೆ. ನಿಂತಿದೆ ಅಂತ ಬಾಯಿಬಿಟ್ಟು ಹೇಳಲ್ಲ ಅದು. ಹಸಿರು ದೀಪ ಮಾತ್ರ ನಗ್ತಾ ಉರೀತಿರುತ್ತೆ. ಜನ ಎಲ್ಲ ಸರಿಯಾಗಿದೆ ಅಂದ್ಕೋತಾರೆ."

"ನಿಮ್ಮ ಹುಡುಗನಿಗೆ ಇದು ಗೊತ್ತಾ?"

"ಗೊತ್ತಿಲ್ಲದೆ ಏನು? ಬೈಸಿಕೊಳ್ಳೋನು ಅವನೇ ತಾನೆ. ಹೋದ ತಿಂಗಳೇ ಬಂದು ಹೇಳಿದ್ದ, ನಮ್ಮಕ್ಕನ ಮನೇದೂ ನಿಂತುಹೋಗಿದೆ, ನೋಡ್ಕೊಂಡು ಬಂದೆ ಅಂತ."

"ಹೋದ ತಿಂಗಳು?"

"ಹೂಂ. ಇನ್ನೂ ಕಂಪ್ಯೂಟರ್ ಚೆನ್ನಾಗಿದೆಯಲ್ಲ, ಭಾನುವಾರ ಕೂತು ವೈರ್ ಹಾಕಿ ಕಾಪಿ ಮಾಡಿಬಿಡು ಅಂದೆ. ಆಯ್ತು ಅಂದ."

ವಾಪಸ್ ಬಂದ ಸಾಮಾನು ಎಲ್ಲಿಡುತ್ತೀರಿ ಎಂದು ಹೆಡ್ ಕಾನ್‌ಸ್ಟೇಬಲ್ ಕೇಳಿದ. ಒಳಗೋಡೆಯ ಕಬ್ಬಿಣದ ಶೆಲ್ಫಿನಲ್ಲಿ ಬಿಳಿಯ ಡಬ್ಬಿಗಳು ಸಾಲಾಗಿದ್ದವು. ಮೇಷ್ಟ್ರ ಮನೆಯಿಂದ ತಂದ ಖಾಲಿ ರಟ್ಟಿನ ಪೆಟ್ಟಿಗೆಯ ಮೇಲಿದ್ದ ನಂಬರನ್ನು ಒಂದೊಂದಕ್ಕೂ ಹೋಲಿಸುತ್ತ ಹೋದ. ಕೊನೆಯ ಸಾಲಿನಲ್ಲಿ, ಅಂಚಿಗೆ ಹಳದಿ ಪೇಂಟ್ ತಾಗಿದ್ದ ಒಂದರ ಮುಂದೆ ನಿಂತ. ಪಂಚರ ಮುಂದೆ ಅದನ್ನು ವಶಪಡಿಸಿಕೊಳ್ಳಲಾಯಿತು.

ಸಂಜೆ ತಮ್ಮನನ್ನು ಠಾಣೆಗೆ ಕರೆತಂದರು. ಮೇಜಿನ ಮೇಲಿದ್ದ ಡಬ್ಬಿಯನ್ನು ನೋಡಿ ಅವನು ಬಾಗಿಲಲ್ಲೇ ನಿಂತ.

"ಕೂತ್ಕೊಳ್ಳಿ. ಇದು ಯಾರದ್ದು?"

"ಅಕ್ಕನ ಮನೇದು."

"ಬಾಗಿಲು ಮೀಟಿದ್ಯಾರು?"

"ನಾನೇ."

"ಇದರಲ್ಲಿ ಏನಿದೆ?"

ಅವನು ಕೆಳಗೆ ನೋಡಿದ. "ಏನೂ ಇಲ್ಲ ಅಂತಾನೇ ಹೇಳಬೇಕು ಮೇಡಂ. ಮೊದಲೆರಡು ದಿನದ್ದು ಅಷ್ಟೇ. ನಾನು ಮೆಟ್ಟಿಲ ಕೆಳಗೆ ಇಟ್ಟ ಮೇಲೆ ಒಂದಕ್ಷರವೂ ಏರಿಲ್ಲ."

"ಹೋದ ತಿಂಗಳೇ ಗೊತ್ತಾಗಿತ್ತಲ್ಲ. ಕಂಪ್ಯೂಟರ್ ಚೆನ್ನಾಗಿತ್ತಲ್ಲ ಆವಾಗ."

"ಇತ್ತು." ಅವನು ಕುರ್ಚಿ ಎಳೆದು ಕೂತ. "ಆ ಭಾನುವಾರ ಭಾವನಿಗೆ ಜ್ವರ. ಅದರ ಮುಂದಿನ ಭಾನುವಾರ ಅಂಗಡೀಲಿ ಸ್ಟಾಕ್ ಎಣಿಸೋದಿತ್ತು. ಕಾಪಿ ಮಾಡೋಕೆ ಕೂತ್ರೆ ಯಾಕೆ ಅಂತ ಕೇಳ್ತಾರೆ. ಭಾವನ ಮುಂದೆ ನಿಂತು, ನಾನು ಕೊಟ್ಟಿದ್ದು ಕೆಲಸ ಮಾಡಿಲ್ಲ ಅನ್ನಬೇಕು. ಅವರಿಲ್ಲದ ದಿನ ನೋಡಿ ಮಾಡಿಬಿಡೋಣ ಅಂತ ತಳ್ತಾ ಹೋದೆ. ಅಷ್ಟರಲ್ಲಿ ಕಂಪ್ಯೂಟರ್ ಹೋಯ್ತು."

ಶುಕ್ರವಾರ ಬೆಳಗ್ಗೆ ಸೈಬರ್ ವಿಭಾಗದ ತಜ್ಞ ಡಬ್ಬಿಯನ್ನು ತೆರೆದ. ಮೇಷ್ಟ್ರ ಭಾವಮೈದುನ ಹೇಳಿದ್ದು ನಿಜವಾಗಿತ್ತು. ಎರಡು ಸಂಜೆಗಳ ರೆಕಾರ್ಡಿಂಗ್ ಇತ್ತು, ಉಳಿದ ಇಡೀ ತಿಂಗಳು ಇರಲಿಲ್ಲ. ತಜ್ಞ ಕೊನೆಯದನ್ನು ಹಾಕಿದ. ಆ ಪರಿಚಿತ ದಪ್ಪ ಧ್ವನಿ, ಸ್ವಲ್ಪ ಒಡಕಾಗಿ, ಕೋಣೆಯನ್ನು ತುಂಬಿತು. 'ಇಂದು ಬಿಸಿಲು ಜೋರಾಗಿದೆ. ದಯವಿಟ್ಟು ಕಿಟಕಿ ತೆರೆಯಿರಿ.' ಆಮೇಲೆ, ಹಾಳೆಯಲ್ಲಿ ಇಲ್ಲದ ಮಾತು: 'ಸಾಕು ಕಣೇ, ಗಂಟಲು ಉರೀತಿದೆ. ಉಳಿದದ್ದು ನಾಳೆ.' ಇನ್ಸ್‌ಪೆಕ್ಟರ್ ಕಿಟಕಿಯ ಕಡೆ ತಿರುಗಿ ನಿಂತಳು. ಆಸ್ಪತ್ರೆಗೆ ಫೋನ್ ಮಾಡಿ ಕೇಳಿದ್ದೂ ಆಯಿತು. ಇಷ್ಟರಿಂದ ಯಂತ್ರಕ್ಕೆ ಧ್ವನಿ ಕೊಡಲು ಆಗುವುದಿಲ್ಲ ಎಂದರು ಡಾಕ್ಟರ್.

ಈ ಸುದ್ದಿಯನ್ನು ಮೇಷ್ಟ್ರ ಹೆಂಡತಿಗೆ ಅವಳೇ ಹೇಳಿದಳು. ಆಕೆ ಅಳಲಿಲ್ಲ.

"ನಾನು ಅಳ್ತಿದ್ದಾಗ ಅವನು ಪಕ್ಕದಲ್ಲೇ ಕೂತಿದ್ದ ಮೇಡಂ. ಸಿಗುತ್ತೆ ಅಂತಿದ್ದ" ಎಂದಷ್ಟೇ ಹೇಳಿ, ಹೊರಗಿನ ಬೆಂಚಿನ ಮೇಲೆ ಹೋಗಿ ಕೂತರು.

ಬಂಧನದ ಕಾಗದಪತ್ರ ಮುಗಿಯುವ ಹೊತ್ತಿಗೆ ಮೇಷ್ಟ್ರು ಒಳಗೆ ಬಂದು, ಭಾವಮೈದುನನನ್ನು ನೋಡಬೇಕೆಂದು ಬರೆದು ತೋರಿಸಿದರು. ಹೆಡ್ ಕಾನ್‌ಸ್ಟೇಬಲ್ ಇನ್ಸ್‌ಪೆಕ್ಟರ್ ಮುಖ ನೋಡಿದ. ಆಕೆ ತಲೆಯಾಡಿಸಿದಳು.

ಭಾವನನ್ನು ಕಂಡು ಅವನು ಎದ್ದು ನಿಂತ. ಮೇಷ್ಟ್ರು ಹಲಗೆಯನ್ನು ತೋಳಿನಿಂದ ಒರೆಸಿದರು. ಆಮೇಲೆ ಬರೆದರು: 'ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲೋ.'

ಅವನು ಓದಿದ. ಓದಿ, ಭಾವನಿಗಲ್ಲ, ಇನ್ಸ್‌ಪೆಕ್ಟರ್ ಕಡೆ ನೋಡಿ ಹೇಳಿದ.

"ಎಷ್ಟು ಸಲ ಬಾಯಿವರೆಗೂ ಬಂದಿತ್ತು ಮೇಡಂ. ಕಂಪ್ಯೂಟರ್ ಕೆಟ್ಟ ದಿನ ಅಕ್ಕ ನಗ್ತಾ ಇದ್ದಳು. ನನ್ನ ತಮ್ಮ ಮೊದಲೇ ಯೋಚನೆ ಮಾಡಿದ್ದ ನೋಡಿ ಅಂತ ಎಲ್ಲರ ಮುಂದೆ ಹೇಳಿದಳು. ಅದರಲ್ಲಿ ಏನೂ ಇಲ್ಲ ಅಂತ ಹೇಗೆ ಹೇಳೋದು? ಕಳುವಾಯ್ತು ಅಂದ್ರೆ ಎಲ್ಲೋ ಒಂದು ಕಡೆ ಇದೆ ಅಂದ್ಕೋತಾಳೆ. ಎಂದಾದ್ರೂ ಸಿಗುತ್ತೆ ಅಂತ ಕಾಯ್ತಾಳೆ. ಅಷ್ಟಾದ್ರೂ ಇರಲಿ ಅವಳಿಗೆ ಅಂತ."

ಮೇಷ್ಟ್ರು ಹಲಗೆಯನ್ನು ಒರೆಸಿ, ಪೆನ್ನಿಗೆ ಮುಚ್ಚಳ ಹಾಕಿದರು.

ಹನ್ನೊಂದೂವರೆಗೆ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಜೀಪು ಸಿದ್ಧವಾಯಿತು. ಹೆಡ್ ಕಾನ್‌ಸ್ಟೇಬಲ್ ಅವನ ತೋಳು ಹಿಡಿದು ನಡೆಸಿಕೊಂಡು ಹೊರಟ. ಬೆಂಚಿನ ಮುಂದಿನ ದಾರಿ ಇಕ್ಕಟ್ಟು. "ಅಕ್ಕಾ" ಎಂದು ಅವನು ಕರೆದ. ಆಕೆ ಮುಖ ಎತ್ತಲಿಲ್ಲ. ಚಾಚಿದ್ದ ಕಾಲುಗಳನ್ನು, ಅವರಿಬ್ಬರೂ ದಾಟಿ ಹೋಗಲೆಂದು, ಬೆಂಚಿನ ಕೆಳಗೆ ಎಳೆದುಕೊಂಡರು.