ತಿರುಗಿ ಬಂದ ಏರ್‌ಬ್ರಶ್

"ಅಪ್ಪಾರು ಇಲ್ಲೇನ್ರಿ?"

ಬಿಚ್ಚಿಟ್ಟ ಸ್ಪ್ರೇ ಪಂಪಿನಿಂದ ಸವಿತಾ ತಲೆ ಎತ್ತಲಿಲ್ಲ. ಸಂಶಿಯ ಬಜಾರದಲ್ಲಿ ಬೆಳೆಗೆ ಔಷಧ ಹೊಡೆಯುವ ಪಂಪು ರಿಪೇರಿ ಮಾಡುವ ಅಂಗಡಿ ಅದು. ಹೊಸಬರೆಲ್ಲ ಕೇಳುವುದು ಇದೇ ಪ್ರಶ್ನೆ. ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು.

"ಅಪ್ಪ ಗಲ್ಲೇದ ಮ್ಯಾಲೆ ಕುಂಡ್ರತಾನ್ರಿ. ಬಿಚ್ಚೂದು, ಜೋಡ್ಸೂದು ನಾನ. ಏನ್ ತಂದೀರಿ?"

"ಇದು ನಿಮಗ ತಿಳಿತೈತೋ ಇಲ್ಲೋ..."

ಆಗ ತಲೆ ಎತ್ತಿದಳು, ಬೈಯಬೇಕೆಂದೇ. ಆದರೆ ಎದುರಿಗಿದ್ದವನ ಕಿವಿಯ ತುದಿಗೆ ಹಸಿರು ಬಣ್ಣ ಮೆತ್ತಿತ್ತು, ಹುಬ್ಬಿನ ಮೇಲೊಂದು ಗುಲಾಬಿ ಚುಕ್ಕೆ. ಬೈಗುಳ ಬಾಯಲ್ಲೇ ಉಳಿಯಿತು.

ಅವನ ಹೆಸರು ಹನುಮೇಶ. ಕುಂದಗೋಳದಲ್ಲಿ ಟ್ರ್ಯಾಕ್ಟರ್ ಟ್ರಾಲಿಗಳ ಮೇಲೆ ಎತ್ತು, ಹೂವು, ಮಾಲೀಕರ ಮಕ್ಕಳ ಹೆಸರು ಬರೆಯುವವನು. ಅವನು ಬಿಡಿಸಿದ ಕರವಸ್ತ್ರದಲ್ಲಿ ದಪ್ಪ ಪೆನ್ನಿನಂಥ ಸ್ಟೀಲಿನ ವಸ್ತುವಿತ್ತು, ಬೆನ್ನ ಮೇಲೊಂದು ಪುಟ್ಟ ಬಟ್ಟಲು.

"ಏರ್‌ಬ್ರಶ್ ಅಂತಾರ್ರಿ. ಗಾಳಿ ಕೊಟ್ರ ಬಣ್ಣ ಮಂಜಿನಂಗ ಬೀಳಬೇಕು. ಹುಬ್ಬಳ್ಳ್ಯಾಗ ಹಳೇ ಸಾಮಾನಿನ ಅಂಗಡ್ಯಾಗ ತಗೊಂಡೆ. ಅಗದಿ ಹೊಸಾದರಂಗ ಐತಿ ಅಂದಾ ಅಂಗಡ್ಯಾಂವ. ಮನಿಗೆ ಬಂದ ನೋಡಿದ್ರ ಬರೇ ಸೀನತೈತಿ."

ಸವಿತಾ ಅದನ್ನು ಬಿಚ್ಚಿದಳು. ಒಳಗೆ ಯಾವ ಕಾಲದ್ದೋ ಬಣ್ಣ ಒಣಗಿ ಕಲ್ಲಾಗಿತ್ತು.

"ಮ್ಯಾಲೆ ಪಾಲಿಶ್, ಒಳಗ ಹೊಲಸು. ಕನ್ಯಾ ನೋಡಾಕ ಹೋದಾಗೂ ಹಿಂಗ ನೋಡ್ತೀರೇನು?"

"ಇನ್ನೂ ಯಾರನ್ನೂ ನೋಡಿಲ್ರಿ."

ದುಡ್ಡಿನ ಗಲ್ಲೆಯ ಮೇಲೆ ಕೂತಿದ್ದ ತಂದೆ ತಿರಕಪ್ಪ ಸಣ್ಣಗೆ ಕೆಮ್ಮಿದ. ಸವಿತಾ ಏರ್‌ಬ್ರಶ್ಶಿನ ಒಳಗಿದ್ದ ಸೂಜಿಯ ತುದಿಯನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡಿದಳು. ಉಗುರಿಗೆ ಸಿಕ್ಕಿಕೊಂಡಿತು.

"ಸೂಜಿ ಬಾಗೇತಿ, ವಾಷರ್ ಉಬ್ಬೇತಿ. ಹೊಸಾ ವಾಷರ್ ಹುಬ್ಬಳ್ಳಿಯಿಂದ ಬರಬೇಕು. ಟೈಮ್ ಹಿಡಿತೈತಿ."

"ಹಿಡೀಲಿ ಬಿಡ್ರಿ," ಎಂದ ಅವನು, ಸಂತೋಷದಿಂದ.

ಬಿಸಿಲಲ್ಲಿ ಬಂದವರನ್ನು ನೀರು, ಬೆಲ್ಲ ಕೊಡದೆ ಕಳಿಸುವುದು ಆ ಅಂಗಡಿಯಲ್ಲಿ ಇಲ್ಲ. ಸವಿತಾ ಒಂದು ತಂಬಿಗೆ ನೀರು, ಅಂಗೈ ಮೇಲೆ ಒಂದು ಚೂರು ಬೆಲ್ಲ ಚಾಚಿದಳು. ಬೆಲ್ಲ ತೆಗೆದುಕೊಳ್ಳಲು ಅವನಿಗೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು.

ಆಮೇಲೆ ಹನುಮೇಶ ವಾಷರ್ ಬಂತೇ ಎಂದು ಕೇಳಲು ಬಂದ. ಮತ್ತೊಂದು ಸಲ, ಸಂತೆಗೆ ಬಂದಿದ್ದೆ ಎಂದು ಬಂದ. ಅವತ್ತು ಸಂಶಿಯಲ್ಲಿ ಸಂತೆ ಇರಲಿಲ್ಲ. ಆದರೂ ಸವಿತಾ ನೀರು, ಬೆಲ್ಲ ತಂದಿಟ್ಟಳು.

ಥಿನ್ನರಿನಲ್ಲಿ ನೆನೆಹಾಕಿದ, ಬಣ್ಣ ಹೊರಬೀಳುವ ಮೂತಿಯಿಂದ ಹಳೆಯ ಬಣ್ಣ ಒಂದೊಂದೇ ಬಿಟ್ಟುಕೊಂಡಿತು. ಮೊದಲು ಕೆಂಪು, ಅದರಡಿಗೆ ನೀಲಿ, ಎಲ್ಲಕ್ಕಿಂತ ಕೆಳಗೆ ಅರಿಷಿಣ. ಬಾಗಿದ ಸೂಜಿಯನ್ನು ಗಾಜಿನ ಮೇಲಿಟ್ಟು ಬೆರಳ ತುದಿಯಿಂದ ಮೆಲ್ಲಗೆ ಉರುಳಿಸುತ್ತ ಅವಳು ನೇರ ಮಾಡುವಾಗ ಹನುಮೇಶ ಪಕ್ಕದಲ್ಲೇ ಉಸಿರು ಹಿಡಿದು ಕೂತಿದ್ದ.

"ಉಸರ ಬಿಡ್ರಿ. ನನ್ನ ಕೈಯಾಗ ಇರೂದು ಸೂಜಿ, ನಿಮ್ಮ ಜೀವ ಅಲ್ಲ."

"ಎರಡೂ ಅಲ್ಲೇ ಅದಾವೇನೋ ಅನಸತೈತ್ರಿ."

ಅವಳ ಬೆರಳು ತಪ್ಪಿತು. ಸೂಜಿಗೆ ಏನೂ ಆಗಲಿಲ್ಲ, ಕೆನ್ನೆಗೆ ಮಾತ್ರ ಬಿಸಿಯೇರಿತು.

ಕೊನೆಗೂ ವಾಷರ್ ಬಂತು.

ತಿರಕಪ್ಪನಿಗೆ ಮಗಳ ಬಗ್ಗೆ ಒಂದೇ ಹೆಮ್ಮೆ, ಬಂದ ಗಿರಾಕಿಗೆಲ್ಲ ಅದನ್ನೇ ಹೇಳುತ್ತಿದ್ದ. "ನಮ್ಮ ಸವಿತಾ ಒಮ್ಮೆ ಕೈ ಹಚ್ಚಿದ್ದು ತಿರುಗಿ ಈ ಮೆಟ್ಲ ಹತ್ತೂದಿಲ್ಲ." ಅವಳಿಗೂ ಅದು ಹೆಮ್ಮೆಯೇ. ಆ ದಿನ ಮಾತ್ರ ಆ ಮಾತು ಎದೆಗೆ ಚುಚ್ಚಿತು. ಏರ್‌ಬ್ರಶ್ ತಿರುಗಿ ಬರದಿದ್ದರೆ ಅದರ ಹಿಂದೆ ಬರುವವನೂ ಬರುವುದಿಲ್ಲ.

ವಾಷರನ್ನು ಒಂದಿಷ್ಟು ಸಡಿಲ ಬಿಟ್ಟರೆ ಸಾಕಿತ್ತು. ಕೆಲವೇ ದಿನಕ್ಕೆ ಗಾಳಿ ಸೋರಿ ಬಟ್ಟಲಲ್ಲಿ ಗುಳ್ಳೆ ಏಳುತ್ತಿದ್ದವು, ಅವನು ಕುಂದಗೋಳದ ಬಸ್ ಇಳಿದು ಬರುತ್ತಿದ್ದ. ಅವನು ಬರಬೇಕೆಂದು ಅವಳಿಗೆ ಬಹಳ ಆಸೆಯಿತ್ತು. ಬಿಗಿಯುತ್ತಿದ್ದ ಕೈ ತಡೆಯಿತು. ಮತ್ತೆ ತನ್ನ ಮೇಲೆ ತಾನೇ ಸಿಟ್ಟಾಗಿ ಪೂರ್ತಿ ಬಿಗಿ ಮಾಡಿಬಿಟ್ಟಳು.

ಹನುಮೇಶ ರಟ್ಟಿನ ತುಂಡಿನ ಮೇಲೆ ಎತ್ತಿನ ಕಣ್ಣು ಬರೆದು ನೋಡಿದ. ಕಪ್ಪು ಬಣ್ಣ ಎಷ್ಟು ನಯವಾಗಿ ಹರಡಿತೆಂದರೆ ಕಣ್ಣಿಗೆ ನೀರು ಬಂದಂತೆ ಕಂಡಿತು. ಅವಳು ಕೊಟ್ಟ ಬೆಲ್ಲವನ್ನು ಕೈಯಲ್ಲೇ ಹಿಡಿದು ಎದ್ದು ನಿಂತ.

"ಬರ್ತೀನ್ರಿ."

"ಬರೂ ಪ್ರಸಂಗ ಬರೂದಿಲ್ಲ ಬಿಡ್ರಿ. ಗಟ್ಟಿ ಮಾಡೀನಿ," ಎಂದಳು ಸವಿತಾ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಅವನು ಬರಲಿಲ್ಲ. ಬಜಾರದಲ್ಲಿ ಹಾಯುವ ಟ್ರಾಲಿಗಳ ಹಿಂಬದಿ ನೋಡುವುದು ಅವಳಿಗೆ ಚಟವಾಯಿತು. ಒಂದು ಟ್ರಾಲಿಯ ಮೇಲಿನ ಎತ್ತಿಗೆ ಅದೇ ಕಣ್ಣಿತ್ತು. ರಿಪೇರಿ ಚೆನ್ನಾಗಿ ನಿಂತಿದೆ ಎಂದು ತಿಳಿದು ಅಂದು ಅವಳಿಗೆ ಊಟ ಸೇರಲಿಲ್ಲ.

ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ನೆರಳು ಬಿತ್ತು.

"ಕಟ್ಕೊಂಡೈತ್ರಿ," ಎಂದ ಹನುಮೇಶ, ಕರವಸ್ತ್ರ ಚಾಚಿ.

ತಿರಕಪ್ಪ ಕನ್ನಡಕ ಮೇಲೇರಿಸಿದ. ಸವಿತಾಳಿಗೆ ನಾಚಿಕೆಯೂ ಸಂತೋಷವೂ ಒಟ್ಟಿಗೇ ಬಂದವು. ಬಿಚ್ಚಿದಳು. ಸೂಜಿ ನೇರವಾಗಿತ್ತು, ವಾಷರ್ ಬಿಗಿಯಾಗಿತ್ತು. ಮೂತಿಯಲ್ಲಿ ಮಾತ್ರ ಏನೋ ಕಂದು ಬಣ್ಣದ್ದು ಗಟ್ಟಿಯಾಗಿ ಕೂತಿತ್ತು. ಥಿನ್ನರಿಗೆ ಅದು ಜಗ್ಗಲಿಲ್ಲ. ಬಿಸಿನೀರಿಗೆ ಹಾಕಿದ ಕೂಡಲೇ ಕರಗಿತು. ಕರವಸ್ತ್ರದ ಅಂಚಿನಲ್ಲಿ ಒಂದು ಇರುವೆ ಓಡಾಡುತ್ತಿತ್ತು.

ಅವಳು ನೀರನ್ನು ಮೂಸಿ ನೋಡಿದಳು.

"ಕುಂದಗೋಳದಾಗ ಟ್ರಾಲಿಗೆ ಬೆಲ್ಲ ಹೊಡಿತಾರೇನ್ರಿ?"

ಹನುಮೇಶನ ಕಿವಿ ಹಸಿರು ಬಣ್ಣದಡಿಯಲ್ಲೇ ಕೆಂಪಾಯಿತು. "ನೀವು ಕಡೀ ಸಲ ಕೊಟ್ಟದ್ರಿ. ತಿನ್ನಾಕ ಮನಸ್ಸಾಗಲಿಲ್ಲ, ಇಟಗೊಂಡಿದ್ದೆ. ಇಲ್ಲಿಗೆ ಬರಾಕ ಒಂದ ನೆವ ಬೇಕಿತ್ತು. ಬಣ್ಣ ಒಣಗ್ಸಿದ್ರ ನೀವು ನೆಟ್ಟಗ ಮಾಡಿದ ಸೂಜಿ ಕೆಡತಿತ್ತು. ಬೆಲ್ಲ ಆದ್ರ ನೀರಾಗ ಕರಗತೈತಿ."

ಸವಿತಾ ದನಿ ತಗ್ಗಿಸಿದಳು. "ನಾನೂ ವಾಷರ್ ಸಡ್ಲ ಬಿಡಬೇಕಂತ ಮಾಡಿದ್ದೆ."

"ಬಿಟ್ಟಿದ್ರ ಆಗ್ತಿತ್ತಲ್ರೀ! ನಾ ಆ ಬೆಲ್ಲ ಆರಾಮ ತಿಂತಿದ್ದೆ."

ಇಬ್ಬರೂ ನಕ್ಕರು. ತಿರಕಪ್ಪನಿಗೆ ತನ್ನ ಹೆಮ್ಮೆಯ ಚಿಂತೆ. "ಏನಾಗೇತವ್ವಾ? ನಮ್ಮ ರಿಪೇರಿ ಕೆಟ್ಟೈತೇನು?"

"ಇಲ್ಲಪ್ಪಾ, ರಿಪೇರಿ ಗಟ್ಟಿ ಐತಿ. ಗಿರಾಕೀದ ತಲಿ ಕೆಟ್ಟೈತಿ."

ಹನುಮೇಶ ಗಲ್ಲೆಯ ಕಡೆ ಒಮ್ಮೆ, ಅವಳ ಕಡೆ ಒಮ್ಮೆ ನೋಡಿದ. "ಸೋಮವಾರ ಅವ್ವನ್ನ ಕರಕೊಂಡ ಬರ್ಲೇನ್ರಿ?"

ಸವಿತಾ ಇರುವೆಯನ್ನು ಮೆಲ್ಲಗೆ ಊದಿ ಕೆಳಗಿಳಿಸಿದಳು. ಏರ್‌ಬ್ರಶ್ಶನ್ನು ಕರವಸ್ತ್ರದಲ್ಲಿ ಸುತ್ತಿದಳು. ತಂಬಿಗೆ ನೀರು ತಂದಿಟ್ಟು, ಅಂಗೈ ಮೇಲೆ ದೊಡ್ಡದೊಂದು ಬೆಲ್ಲದ ಚೂರು ಚಾಚಿದಳು.

"ಕರಕೊಂಡ ಬರ್ರಿ. ಆದ್ರ ಇದನ್ನ ಇಲ್ಲೇ, ನನ್ನ ಮುಂದ ತಿಂದ ಹೋಗ್ರಿ."

ಅವನು ಅವಳನ್ನೇ ನೋಡುತ್ತ, ಒಂದು ಚೂರೂ ಉಳಿಸದೆ ತಿಂದ.